ಹೊಳೆ ದಾಟಿಸಿದ ಬೆಕ್ಕು

ಬೆಳಕೆ
5-8-2024, ಸೋಮವಾರ

ಉಮಕ್ಕನ ಪಾದಕ್ಕೆ ಈರಮ್ಮನ ನಮಸ್ಕಾರ.

ಇವತ್ತು ಶ್ರಾವಣದ ಮೊದಲನೇ ಸೋಮವಾರ, ಉಪವಾಸ. ಕತ್ತಲಿರುವಾಗಲೇ ಎದ್ದು ಬಾವಿಯಿಂದ ನೀರು ಸೇದಿದೆ, ಒಲೆ ಸಾರಿಸಿದೆ, ತುಳಸಿಗೆ ನೀರು ಹೊಯ್ದೆ. ತಮ್ಮ ರಾಜೀವನಿಗೂ ಅವನ ಹೆಂಡತಿ ಸುಚಿತಾಳಿಗೂ ಗಂಜಿ ಬೇಯಿಸಿ ಮುಚ್ಚಿಟ್ಟು, ಮಾಸ್ತಿ ಗುಡಿಗೆ ಹೋಗಿ ದೀಪ ಹಚ್ಚಿ ಬಂದೆ. ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮುಂದಿನ ಮಾತಿಗೆ ಕೈ ಏಳುತ್ತಿಲ್ಲ. ಅಮ್ಮ ಹೋಗಿ ಎರಡು ವರ್ಷ ಆಯಿತು. ಅವತ್ತಿನಿಂದ ನಿನಗೆ ಒಂದು ಸಾಲು ಬರೆದವಳಲ್ಲ ನಾನು. ಈಗ ಬರೆಯುತ್ತಿರುವುದೂ ಒಂದು ಬೆಕ್ಕಿಗಾಗಿ. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ಹದಿನೈದು ದಿನದ ಹಿಂದೆ ನಮ್ಮ ಒಣಮೀನಿನ ಕೋಣೆಗೆ ಒಂದು ಕೆಂಚು ಹೆಣ್ಣು ಬೆಕ್ಕು ನುಗ್ಗಿತು. ಮಳೆಗಾಲದ ಮಾರಾಟಕ್ಕೆಂದು ಕಟ್ಟಿಟ್ಟಿದ್ದ ಒಣ ಶೆಟ್ಲಿ ಮೀನಿನ ಚೀಲ ಹರಿಯಿತು. ರಾಜೀವ ಕೈಗೆ ಸಿಕ್ಕಿದ ಸೌದೆ ಬೀಸಿ ಒಗೆದ. ಹಿಂದಿನ ಎಡಗಾಲಿಗೆ ಬಿತ್ತು. ಅದು ಕಾಲು ಎಳೆದುಕೊಂಡು ಹೋಗಿ ಅಂಗಳದಲ್ಲಿ ಮಗುಚಿಟ್ಟ ದೋಣಿಯ ಅಡಿ ಸೇರಿತು. ಮೂರು ದಿನ ಹೊರಗೆ ಬರಲಿಲ್ಲ. ನಾಲ್ಕನೇ ದಿನ ನಾನು ಮಳೆಯಲ್ಲಿ ಹೊಟ್ಟೆ ಅಡಿ ಮಾಡಿ ಮಲಗಿ, ದೋಣಿಯ ಕೆಳಗೆ ಕೈ ಹಾಕಿ ಎಳೆದೆ. ಮೊಣಕೈ ತನಕ ಪರಚಿತು. ಗಾಯದಲ್ಲಿ ಹುಳ ಇದ್ದವು ಅಕ್ಕ. ಅರಿಸಿನ ಅರೆದು ಹಾಕಿ ಹಳೇ ಸೀರೆ ಹರಿದು ಕಟ್ಟಿದ್ದೇನೆ. ಕಟ್ಟಿಗೆ ಕೊಟ್ಟಿಗೆಯಲ್ಲಿ ಇದೆ. ಮೀನು ಬಿಟ್ಟು ಬೇರೆ ಮುಟ್ಟುವುದಿಲ್ಲ. ಉಪವಾಸದ ದಿನ ಮೀನು ಮುಟ್ಟಬಾರದು ಎಂದು ಗೊತ್ತಿದ್ದೂ ಇವತ್ತು ಎರಡು ತಾರ್ಲೆ ಕೊಯ್ದು ಹಾಕಿ, ಮತ್ತೆ ತಲೆಗೆ ನೀರು ಹೊಯ್ದುಕೊಂಡೆ. ದೇವರು ಎಣಿಸಿಕೊಳ್ಳಲಿ.

ರಾಜೀವನಿಗೆ ಪಾಪದ ಹೆದರಿಕೆ. ಬೆಕ್ಕು ಕೊಂದವರು ಬಂಗಾರದ ಬೆಕ್ಕು ಮಾಡಿ ದಾನ ಕೊಡಬೇಕು ಎಂದು ಅಮ್ಮ ಹೇಳುತ್ತಿದ್ದಳಲ್ಲ. "ಸಾಯೂದಾದ್ರೆ ನಮ್ಮ ಅಂಗಳದಲ್ಲಿ ಬ್ಯಾಡ ಈರಕ್ಕ. ಬದುಕಿದ್ರೂ ಬ್ಯಾಡ. ಮಳೆ ಹೋಗಿ ಮೀನು ಹರವುಕೆ ಸುರು ಮಾಡೂದ್ರೊಳಗೆ ಗೋಣಿಗೆ ಹಾಕಿ ಹೊಳೆ ದಾಟ್ಸೂದೇ" ಎನ್ನುತ್ತಾನೆ. ಹೊಳೆ ಅಂದರೆ ಶರಾವತಿ. ನಿನಗೆ ಗೊತ್ತಲ್ಲ, ಮನೆಗೆ ಬೇಡವಾದ ಬೆಕ್ಕನ್ನು ಇಲ್ಲಿ ಎಲ್ಲರೂ ಹಾಗೇ ಮಾಡುವುದು. ಹೊಳೆ ದಾಟಿದ ಬೆಕ್ಕು ತಿರುಗಿ ಬರುವುದಿಲ್ಲ ಎಂದು. ನಾಲ್ಕು ಕಾಲಿನದಾದರೆ ಎಲ್ಲಾದರೂ ಬದುಕಿಕೊಳ್ಳುತ್ತದೆ. ಇದು ಬದುಕುವುದಿಲ್ಲ.

ನೀನು ಹೊಳೆಯ ಆಚೆ ಕುಮಟೆಯಲ್ಲಿದ್ದೀಯ, ಒಬ್ಬಳೇ ಇದ್ದೀಯ. ಚಿಕ್ಕವಳಿದ್ದಾಗ ಬೆಕ್ಕನ್ನು ಸೆರಗಲ್ಲಿ ಕಟ್ಟಿಕೊಂಡು ಶಾಲೆಗೆ ಹೋಗಿ ಹೊಡೆಸಿಕೊಂಡವಳು ನೀನು. ಇದಕ್ಕೊಂದು ಮೂಲೆ ಕೊಡುತ್ತೀಯಾ?

ನಿನ್ನ ತಂಗಿ
ಈರಮ್ಮ

---

ಕುಮಟಾ
14-8-2024

ಈರಿಗೆ,

ಪತ್ರ ಮುಟ್ಟಿತು. ಬೆಕ್ಕಿನ ಗಾಯಕ್ಕೆ ಅರಿಸಿನ ಸಾಲದು. ಭಟ್ಕಳದ ದನದ ಆಸ್ಪತ್ರೆಗೆ ಎತ್ತಿಕೊಂಡು ಹೋಗು.

ಬೆಕ್ಕಿಗೆ ಕಾಲು ಮುರಿಯಿತು ಎಂದು ಎರಡು ಪುಟ ಬರೆದಿದ್ದೀಯ. ಅಮ್ಮ ಸತ್ತಳು ಎಂದು ಒಂದು ಚೀಟಿ ಬರೆದು ಯಾರದಾದರೂ ಕೈಯಲ್ಲಿ ಕಳಿಸಲಿಕ್ಕೆ ಆಗಲಿಲ್ಲ ನಿನಗೆ. ಜ್ವರ ಬಂದು ಕಿವಿ ಹೋದವಳಿಗೆ ಏಳು ಸಲ ಫೋನು ಮಾಡಿದಿರಂತೆ. ನಾನು ಅದೇ ಕೋಣೆಯಲ್ಲಿ ಕೂತು ಹೂ ಕಟ್ಟುತ್ತಿದ್ದೆ ಈರಿ. ಫೋನು ನನ್ನ ಬೆನ್ನ ಹಿಂದೆ ಇತ್ತು. ಮಾರನೇ ದಿನ ಪಕ್ಕದ ಮನೆ ಚಂದನಾ ಅದನ್ನು ತೆಗೆದು ನೋಡಿ, ಕಾಗದದ ಮೇಲೆ ಬರೆದು ತೋರಿಸಿದಳು. ಅಷ್ಟು ಹೊತ್ತಿಗೆ ಅಮ್ಮನ ಬೂದಿ ತಣ್ಣಗಾಗಿತ್ತು.

ಬೆಕ್ಕು ಬೇಡ. ನನಗೇ ಯಾರೂ ಇಲ್ಲ, ನಾನು ಸತ್ತರೆ ಅದಕ್ಕೆ ಯಾರು?

ಉಮಾ

---

ಬೆಳಕೆ
26-8-2024, ಸೋಮವಾರ

ಉಮಕ್ಕನಿಗೆ ನಮಸ್ಕಾರ.

ಇವತ್ತು ಅಷ್ಟಮಿಯೂ ಸೋಮವಾರವೂ ಒಟ್ಟಿಗೇ ಬಂದಿದೆ. ನೀರು ಬಿಟ್ಟು ಏನೂ ತೆಗೆದುಕೊಂಡಿಲ್ಲ.

ನೀನು ಹೇಳಿದ ಹಾಗೆ ಬುಟ್ಟಿಯಲ್ಲಿ ಹಾಕಿ ಮೇಲೆ ಬಲೆ ಕಟ್ಟಿ ಆಸ್ಪತ್ರೆಗೆ ಒಯ್ದೆ. ಡಾಕ್ಟರು ಒಳ್ಳೆಯವರು. "ಎಂತ ಅಮ್ಮ, ಇದು ನಿಮ್ಮ ಬೆಕ್ಕಾ?" ಎಂದು ಕೇಳಿದರು. ಹೌದು ಅಂದೆ. ಹಾಗೆ ಹೇಳಿದ ಮೇಲೆ ಅದು ನನ್ನದೇ ಆಯಿತು. ಕಾಲು ಉಳಿಯುವುದಿಲ್ಲ, ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ತೆಗೆದರು. ಹೊರಗಿನ ಬೆಂಚಿನ ಮೇಲೆ ಕೂತು ದೇವರ ಹೆಸರು ಹೇಳಲಿಕ್ಕೆ ಹೋದರೆ ನೂರ ಎಂಟು ಎಣಿಸಲಿಕ್ಕೆ ಆಗಲಿಲ್ಲ, ನಡುವೆ ನಡುವೆ ತಪ್ಪಿಹೋಯಿತು.

ಈಗ ಒಂಬತ್ತು ದಿನ. ಗಾಯ ಒಣಗಿದೆ. ಮೊದಮೊದಲು ಎದ್ದು ನಿಂತರೆ ಇಲ್ಲದ ಕಾಲಿನ ಕಡೆಗೆ ಬೀಳುತ್ತಿತ್ತು. ಬಿದ್ದು, ಯಾರೋ ತಳ್ಳಿದರೇನೋ ಎಂಬಂತೆ ಹಿಂದೆ ತಿರುಗಿ ನೋಡುತ್ತಿತ್ತು. ಈಗ ಕೊಟ್ಟಿಗೆಯ ಹೊಸಲು ದಾಟುತ್ತದೆ. ಕೆಂಚಿ ಅಂತ ಕರೆಯುತ್ತೇನೆ. ಸುಚಿತಾ ನಗುತ್ತಾಳೆ, "ಅತ್ಗೆಗೆ ಐವತ್ತಕ್ಕೆ ಬಾಣಂತನ" ಎಂದು. ರಾಜೀವ ನಗುವುದಿಲ್ಲ. "ನಾಳೆ ಗಿರಾಕಿ ಬಂದ್ರೆ ಮೀನಿನ ಬದ್ಲು ಈ ಬೆಕ್ಕನ್ನೇ ತೂಗಿ ಕೊಡೂದಾ?" ಎನ್ನುತ್ತಾನೆ. ಅವನ ಮನೆಯಲ್ಲಿ ಅವನ ಅನ್ನ ಉಣ್ಣುವ ವಿಧವೆ ನಾನು. ಎಷ್ಟು ಅಂತ ಎದುರಾಡಲಿ?

ಫೋನಿನ ಮಾತು. ಏಳು ಸಲ ಮಾಡಿದವಳು ನಾನೇ ಅಕ್ಕ. ರಾಜೀವ ಅಲ್ಲ. ನಿನಗೆ ಕೇಳುವುದಿಲ್ಲ ಎಂದು ನನಗೆ ಗೊತ್ತಿಲ್ಲದ್ದಲ್ಲ. ಅಮ್ಮನ ಗಲ್ಲ ಕಟ್ಟಿದ ಮೇಲೆ ನನ್ನ ಕೈಗೆ ಏನೋ ಒಂದು ಕೆಲಸ ಬೇಕಿತ್ತು. ಫೋನು ಒತ್ತುತ್ತಾ ಇದ್ದೆ. ಅತ್ತ ಕಡೆ ರಿಂಗ್ ಆಗುವುದು ಕೇಳುತ್ತಿತ್ತು, ತಿಳಿಸಿದೆ ಅನ್ನುವ ಸಮಾಧಾನ ಆಗುತ್ತಿತ್ತು. ಮಳೆ ಜೋರಿದೆ, ಹೊತ್ತು ಹೋಗುತ್ತದೆ, ಅಮ್ಮನನ್ನು ಎತ್ತುವ ಎಂದು ಗಂಡಸರು ಹೇಳಿದರು. ನಾನು ತಡೆಯಲಿಲ್ಲ. ಕುಮಟೆಗೆ ಒಬ್ಬರನ್ನು ಓಡಿಸಿ ಎಂದು ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಆ ಸಿಟ್ಟನ್ನು ಬೆಕ್ಕಿನ ಮೇಲೆ ತೋರಿಸಬೇಡ.

ಈರಮ್ಮ

---

ಕುಮಟಾ
20-9-2024

ಈರಿಗೆ,

ಮೂರು ವಾರ ಉತ್ತರ ಬರೆಯಲಿಲ್ಲ. ಚೌತಿಗೆ ಹೂವಿನ ಕೆಲಸ ಇತ್ತು ಎಂದು ಹೇಳಬಹುದು. ಹೇಳುವುದಿಲ್ಲ.

ನಿನ್ನ ಪತ್ರವನ್ನು ಚಂದನಾ ಕೂಡ ಓದಿದಳು. ಅವಳು ಅಂಗನವಾಡಿ ಟೀಚರು, ಎಲ್ಲದಕ್ಕೂ ಒಂದು ಉಪಾಯ ಅವಳ ಹತ್ತಿರ ಇರುತ್ತದೆ. ಬೆಕ್ಕು ಇದ್ದರೆ ಒಳ್ಳೆಯದು ದೊಡ್ಡಮ್ಮ ಎಂದು ಬರೆದು ತೋರಿಸಿದಳು. ಬಾಗಿಲಲ್ಲಿ ಯಾರಾದರೂ ಬಂದರೆ ಬೆಕ್ಕು ಕಿವಿ ನಿಗುರಿಸಿ ಆ ಕಡೆ ನೋಡುತ್ತದಂತೆ, ನಾನು ಬೆಕ್ಕನ್ನು ನೋಡಿದರೆ ಸಾಕಂತೆ. ಹತ್ತು ವರ್ಷದಿಂದ ನನ್ನ ಮನೆಗೆ ಯಾರು ಬಂದರೂ ನಾನು ಬೆಚ್ಚಿಬೀಳುವುದೇ. ತಲೆ ಎತ್ತಿದರೆ ಎದುರಿಗೆ ಆಳು ನಿಂತಿರುತ್ತದೆ. ಈ ಮಾತು ನನಗೆ ಹೊಳೆದಿರಲಿಲ್ಲ.

ಕೆಂಚಿಯನ್ನು ಕಳಿಸು. ಒಲೆಯ ಬದಿಗೆ ಗೋಣಿ ಹಾಸಿದ್ದೇನೆ. ಮೀನಿನವಳಿಗೂ ಹೇಳಿದ್ದೇನೆ. ಬಾಗಿಲು ಸಿಕ್ಕದಿದ್ದರೆ ಚಂದನಾಳ ಅಂಗನವಾಡಿ ಕೇಳಿದರೆ ಆಯಿತು.

ಉಮಾ

---

ಕುಮಟಾ
4-10-2024

ಈರಿ,

ದೇವಪ್ಪನ ಪಿಕಪ್ ಗುರುವಾರ ಒಣಮೀನು ಹೇರಿಕೊಂಡು ಕುಮಟೆ ಪೇಟೆಗೆ ಬರುತ್ತದೆ, ಬೆಕ್ಕನ್ನು ಅದರಲ್ಲಿ ಕಳಿಸುತ್ತೇನೆ ಎಂದು ನೀನು ಬರೆದ ಕಾರ್ಡು ಬಂದಿತ್ತು. ನಿನ್ನೆ ಬೆಳಿಗ್ಗೆಯಿಂದ ದೀಪ ಹಚ್ಚುವ ತನಕ ಬಾಗಿಲಿಗೆ ಮುಖ ಮಾಡಿ ಕೂತಿದ್ದೆ. ಹೂವಿನ ಅಂಗಡಿಯವನಿಗೆ ಮಾಲೆ ಕೊಡಲಿಕ್ಕೂ ಏಳಲಿಲ್ಲ. ಯಾರೂ ಬರಲಿಲ್ಲ.

ಎಲ್ಲಿ?

ಉಮಾ

---

ಬೆಳಕೆ
7-10-2024, ಸೋಮವಾರ

ಉಮಕ್ಕನಿಗೆ,

ನಿನ್ನ ಕಾಗದ ಇನ್ನೂ ಬಂದಿಲ್ಲ. ಬರುವ ಮೊದಲೇ ಇದನ್ನು ಬರೆದು ಹಾಕಬೇಕು. ನವರಾತ್ರಿಯ ಐದನೇ ದಿನ ಇವತ್ತು. ಉಪವಾಸ ಅನ್ನುವ ಹಾಗಿಲ್ಲ, ಗುರುವಾರದಿಂದ ಅನ್ನ ಇಳಿಯುತ್ತಿಲ್ಲ.

ಕೆಂಚಿ ನಿನ್ನ ಮನೆಗೆ ಬರಲಿಲ್ಲ. ಹೊನ್ನಾವರದಲ್ಲಿ ಬಿಟ್ಟುಬಂದಿದ್ದಾರೆ.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಬುಧವಾರ ದೇವಪ್ಪನಿಗೆ ಎಲ್ಲ ಹೇಳಿದ್ದೆ. "ಉಮಕ್ಕನ ಮನೆ ನಂಗೊತ್ತಿಲ್ವಾ, ಮದ್ಮಗಳ ಹಂಗೆ ಕರ್ಕಂಡ್ ಹೋತೆ" ಎಂದು ನಗಾಡಿದ. ಬುಟ್ಟಿಯಾದರೆ ಮೀನಿನ ನಡುವೆ ಮಗುಚುತ್ತದೆ ಎಂದು ಗೋಣಿಯಲ್ಲಿ ಹಾಕಿ, ಉಸಿರಾಡಲಿಕ್ಕೆ ತೂತು ಮಾಡಿ, ಬಾಯಿ ಕಟ್ಟಿದೆ. ಗುರುವಾರ ಬೆಳಿಗ್ಗೆ ದೇವಪ್ಪನಿಗೆ ಜ್ವರ. ಅವನ ತಮ್ಮ ಗಣೇಶ ಗಾಡಿ ತಂದ. ಆ ಹೊತ್ತಿಗೆ ನಾನು ಮನೆಯಲ್ಲಿ ಇರಲಿಲ್ಲ. ಕೆಂಚಿ ಸುಖವಾಗಿ ಮುಟ್ಟಲಿ ಎಂದು ಕಾಯಿ ಒಡೆಸಲು ಗುಡಿಗೆ ಹೋಗಿದ್ದೆ.

ರಾಜೀವ ಮೀನಿನ ಚೀಲಗಳ ಸಂಗಡ ಆ ಗೋಣಿಯನ್ನೂ ಎತ್ತಿ ಇಟ್ಟ. "ಬೆಕ್ಕಾ?" ಎಂದು ಗಣೇಶ ಕೇಳಿದನಂತೆ. "ಹೌದು" ಎಂದು ರಾಜೀವ ಹೇಳಿದನಂತೆ. ಅಷ್ಟೇ ಮಾತು.

ಸಂಜೆ ಗಾಡಿ ತಿರುಗಿ ಬಂದಾಗ ಓಡಿಹೋಗಿ ಕೇಳಿದೆ, ಅಕ್ಕ ಎಂತ ಹೇಳಿದಳು ಎಂದು. ಗಣೇಶನಿಗೆ ತಲೆಬುಡ ಗೊತ್ತಿಲ್ಲ. "ಯಾವ ಅಕ್ಕ? ಹೊಳೆ ದಾಟಿದ ಕೂಡ್ಲೆ ಬಿಟ್ಟೆ. ಗೋಣಿಯನ್ನ ಮೂರು ಸುತ್ತು ತಿರುಗ್ಸೇ ಬಿಟ್ಟದ್ದು, ದಿಕ್ಕು ತಪ್ಪಲಿ ಅಂತ. ಇನ್ನು ಬರೂದಿಲ್ಲ, ಹೆದ್ರಬೇಡಿ" ಎಂದ. ಕುಮಟೆಯ ಅಕ್ಕನ ಮನೆಗೆ ಕಳಿಸಿದ್ದು ಅದು ಎಂದೆ. ಅವನೂ ಹೆದರಿದ. "ಗೋಣಿಲಿ ಬೆಕ್ಕು ಕಟ್ಟಿ ಕೊಟ್ರೆ ಮತ್ತೆಂತ ಮಾಡೂದು ಈರಕ್ಕ? ಇಷ್ಟು ವರ್ಷದಲ್ಲಿ ಹತ್ತು ಬೆಕ್ಕು ಹಂಗೇ ಬಿಟ್ಟಿದ್ದೆ, ಯಾರೂ ಕೇಳ್ಲಿಲ್ಲ" ಎಂದ. ಅವನನ್ನು ಹೇಗೆ ಬೈಯಲಿ? ನಾನಾದರೂ ಹಾಗೇ ತಿಳಿಯುತ್ತಿದ್ದೆ.

ರಾಜೀವನನ್ನು ಕೇಳಿದೆ. "ಅವ ಕೇಳ್ಲಿಲ್ಲ, ನಾ ಹೇಳ್ಲಿಲ್ಲ" ಎಂದ. ನೀನಿಲ್ಲದೆ ಅಮ್ಮನನ್ನು ಸುಟ್ಟ ದಿನದಿಂದ, ಎರಡು ವರ್ಷ ಆಯಿತು, ನಿನ್ನ ಹೆಸರು ಅವನ ಬಾಯಿಗೆ ಬಂದದ್ದಿಲ್ಲ.

ಇದರಲ್ಲಿ ದೊಡ್ಡ ತಪ್ಪು ನನ್ನದೇ. ನಾನೇ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಗಾಡಿಯಲ್ಲಿ ಕೂತು ಬರಬಹುದಿತ್ತು. ದೇವಪ್ಪ ಕೇಳಿದ್ದ ಕೂಡ, "ನೀವೂ ಬನ್ನಿ" ಎಂದು. ನಿನ್ನ ಬಾಗಿಲಲ್ಲಿ ನಿಲ್ಲಲಿಕ್ಕೆ ಮುಖ ಇರಲಿಲ್ಲ. ಬೆಕ್ಕು ಮೊದಲು ಹೋಗಲಿ, ಅದರ ಹಿಂದೆ ಒಂದು ದಿನ ನಾನು ಹೋಗುವ ಎಂದು ಲೆಕ್ಕ ಹಾಕಿದ್ದೆ.

ಈರಮ್ಮ

---

ಕುಮಟಾ
15-10-2024

ಈರಿ,

ನಿನ್ನದೆಲ್ಲ ಹೀಗೇ. ಅವತ್ತು ಫೋನಿನ ಕೈಯಲ್ಲಿ ಕೊಟ್ಟೆ, ಇವತ್ತು ಗಾಡಿಯವನ ಕೈಯಲ್ಲಿ ಕೊಟ್ಟೆ. ನೀನು ಮಾತ್ರ ಗುಡಿಯಲ್ಲಿ.

ಕೆಂಚಿ ಸಿಕ್ಕಿದರೆ ಎತ್ತಿಕೊಂಡು ನೀನೇ ಬಾ. ಬಾಗಿಲು ತೆರೆದಿರುತ್ತದೆ. ಸಿಗದಿದ್ದರೆ ಬರಿಗೈಯಲ್ಲಿ ನನ್ನ ಹೊಸಲಿಗೆ ಬರಬೇಡ.

ಉಮಾ

---

ಬೆಳಕೆ
28-10-2024, ಸೋಮವಾರ

ಉಮಕ್ಕನಿಗೆ,

ಬೆಳಗಿನ ಕೆಲಸ ಮುಗಿಸಿ ಏಳೂವರೆಯ ಬಸ್ಸಿಗೆ ಹೊನ್ನಾವರಕ್ಕೆ ಹೋಗಿ ಈಗ ತಿರುಗಿ ಬಂದೆ. ಇದು ಮೂರನೇ ಸೋಮವಾರ. ಉಳಿದ ದಿನ ಮೀನು ಹರವುವ, ಮಗುಚುವ ಕೆಲಸಕ್ಕೆ ಕೈ ಬೇಕು, ರಾಜೀವ ಬಿಡುವುದಿಲ್ಲ. ಸೋಮವಾರ ನಾನು ಮೀನು ಮುಟ್ಟುವುದಿಲ್ಲವಾದ್ದರಿಂದ ಬಿಡುತ್ತಾನೆ.

ಸೇತುವೆ ಇಳಿದಲ್ಲಿಂದ ಬಂದರಿನ ತನಕ ನಡೆಯುತ್ತೇನೆ. ಕೆಂಚಿ, ಕೆಂಚಿ ಎಂದು ಕರೆಯುತ್ತೇನೆ. ಮೊದಲ ದಿನ ನಾಚಿಕೆ ಆಗಿತ್ತು. ಜನ ಹುಚ್ಚಿ ಎಂದುಕೊಂಡರೆ ಎಂದುಕೊಳ್ಳಲಿ.

ಇವತ್ತು ಬಂದರಿನಲ್ಲಿ ಮೀನು ಹೆಕ್ಕುವ ಮಾದಿ ಎಂಬವಳು ಸಿಕ್ಕಿದಳು. ಅವಳು ಕಂಡಿದ್ದಾಳೆ ಅಕ್ಕ. "ಮೂರು ಕಾಲಿಂದಾ? ಹೌದೇ ಮಾರಾಯ್ತಿ, ನನ್ನ ಬುಟ್ಟಿ ಬದಿಗೇ ಕೂತ್ಕಂತಿತ್ತು. ಬೇರೆ ಬೆಕ್ಕು ಕಚ್ಚಾಡ್ತಿದ್ರೆ ಇದು ಸುಮ್ನೆ ಕೂತು ನನ್ನ ಮುಖ ಕಾಣ್ತಿತ್ತು. ನಾ ಹಾಕಿದ್ ಮೇಲೇ ತಿಂತಿತ್ತು" ಎಂದಳು. ಎರಡು ವಾರ ಹಾಗೆ ಬಂದಿದೆ. ಮನೆಗೇ ಒಯ್ಯುವ ಎಂದು ಅವಳು ಎಣಿಸಿದ್ದಳಂತೆ. ನಾಲ್ಕು ದಿನದಿಂದ ಕಾಣುತ್ತಿಲ್ಲ. ಬಂದರಿನಲ್ಲಿ ನಾಯಿಗಳ ಕಾಟ ಬಹಳ ಎಂದಳು. ಆ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಬಟ್ಟಲಲ್ಲಿ ತಂದ ಮೀನನ್ನು ಅವಳ ಬುಟ್ಟಿಯ ಬದಿಗೇ ಇಟ್ಟು ಬಂದೆ. ಯಾವ ದೇವರನ್ನು ಕೇಳಲಿ ಎಂದು ಗೊತ್ತಾಗುವುದಿಲ್ಲ. ಕಾಯಿ ಒಡೆಸಿದ ಹೊತ್ತಿಗೇ ಅದನ್ನು ಗಾಡಿಗೆ ಹಾಕಿದ್ದು. ಗಂಟೆಯ ಸದ್ದು ಕೇಳಿದರೆ ಈಗ ಕಿವಿ ಮುಚ್ಚಿಕೊಳ್ಳುತ್ತೇನೆ. ಆದರೂ ದೀಪ ಹಚ್ಚುತ್ತೇನೆ. ಹಚ್ಚದೆ ಮತ್ತೇನು ಮಾಡಲಿ, ಬೇರೆ ಕಲಿತವಳಲ್ಲ.

ಈರಮ್ಮ

---

ಕುಮಟಾ
8-11-2024

ಈರಿಗೆ,

ನಾನೂ ಹೋಗುತ್ತಿದ್ದೇನೆ. ಹೋದ ಶುಕ್ರವಾರ ಹೋದೆ, ಇವತ್ತೂ ಹೋಗಿ ಬಂದೆ. ಕಂಡಕ್ಟರನಿಗೆ ಹೊನ್ನಾವರ ಎಂದು ಬರೆದ ಚೀಟಿ ತೋರಿಸುತ್ತೇನೆ. ಮೀನು ಹೆಕ್ಕುವ ಹೆಂಗಸರಿಗೆ ಬೆಕ್ಕಿನ ಚಿತ್ರ ತೋರಿಸಿದೆ. ಚಂದನಾ ಬಿಡಿಸಿಕೊಟ್ಟದ್ದು, ಮೂರೇ ಕಾಲು. ನಕ್ಕರು.

ಬಲೆಯ ರಾಶಿಗಳ ನಡುವೆ ನಿಂತು ಕರೆದೆ. ನಾನು ಕರೆದದ್ದು ನನಗೂ ಕೇಳುವುದಿಲ್ಲ, ಅದು ಕೂಗಿದರೂ ಕೇಳುವುದಿಲ್ಲ. ಎಲ್ಲೋ ಹಲಗೆಯ ಅಡಿಯಿಂದ ಕೂಗಿಕೊಂಡಿರಬಹುದು, ನಾನು ಮುಂದೆ ಹೋಗಿರಬಹುದು. ಹಾಗಾಗಿ ಪ್ರತಿಯೊಂದು ಹಲಗೆ ಬಗ್ಗಿ ನೋಡಿದೆ. ಸೊಂಟ ಹಿಡಿದಿದೆ.

ಹಾಸಿದ ಗೋಣಿ ಇನ್ನೂ ತೆಗೆದಿಲ್ಲ. ಕಾಣದ ಬೆಕ್ಕಿಗೆ ಇಷ್ಟು ಎಂತಕ್ಕೆ ಎಂದು ನೀನು ಕೇಳಬಹುದು. ಬಾಗಿಲ ಕಡೆ ಯಾರೋ ನೋಡುತ್ತಾರೆ ಎಂದು ಎಣಿಸಿಕೊಂಡು ಎರಡು ವಾರ ಬದುಕಿದ್ದೆ ಈರಿ. ಆ ಎರಡು ವಾರ ನಾನು ಬೆಚ್ಚಿಬೀಳಲಿಲ್ಲ.

ನೀನು ಮತ್ತೆ ಹೋಗಿದ್ದೆಯಾ? ಸಿಕ್ಕಿತೋ ಇಲ್ಲವೋ, ಒಂದೇ ಮಾತು ಬರೆ. ಹೋದ ಸಲದ ಹಾಗೆ ಎಲ್ಲ ಮುಗಿದ ಮೇಲೆ ಬರೆಯಬೇಡ.

ಉಮಾ

---

ಬೆಳಕೆ
18-11-2024, ಕಾರ್ತಿಕ ಸೋಮವಾರ

ಚಂದನಾ ಟೀಚರಿಗೆ ಬೆಳಕೆಯ ಈರಮ್ಮನ ನಮಸ್ಕಾರಗಳು.

ನಾನು ನಿಮ್ಮ ಪಕ್ಕದ ಮನೆ ಉಮಕ್ಕನ ತಂಗಿ. ನಿಮ್ಮ ಮುಖ ನೋಡಿದವಳಲ್ಲ, ಅಂಗನವಾಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು. ಸುದ್ದಿ ಹೇಳಲಿಕ್ಕೆ ಫೋನು ಹಿಡಿಯುವುದಿಲ್ಲ ಎಂದು ಮಾಡಿಕೊಂಡಿದ್ದೇನೆ.

ಕೆಂಚಿ ಸತ್ತಿದೆ. ಹೋದ ಸೋಮವಾರ ಬಂದರಿಗೆ ಹೋದಾಗ ಮಾದಿ ನನ್ನ ಕೈ ಹಿಡಿದು, ಹಳೇ ಹಗ್ಗಗಳ ರಾಶಿಯ ಹಿಂದೆ ಕರೆದುಕೊಂಡು ಹೋದಳು. ನಾಯಿ ಕಚ್ಚಿದ್ದು. ಹಿಂದಿನ ದಿನ ವಾಸನೆ ಬಂದು ಹುಡುಕಿದಳಂತೆ. ಮೂರು ಕಾಲು ನೋಡಿ ಗುರುತು ಹಿಡಿದು, ಅಲ್ಲೇ ಮರಳು ತೋಡಿ ಮುಚ್ಚಿ, ಮೇಲೆ ಒಂದು ಹೆಂಚಿನ ತುಂಡು ಇಟ್ಟಿದ್ದಳು. ನಾನು ಮರಳು ಸರಿಸಿ ಕಣ್ಣಾರೆ ನೋಡಿದೆ. ಯಾರದೋ ಮಾತು ಕೇಳಿ ಅಕ್ಕನಿಗೆ ಬರೆಯಬಾರದು ಎಂದು. ನಮ್ಮ ಕೆಂಚಿಯೇ. ಮತ್ತೆ ಮುಚ್ಚಿದೆ.

ಆ ದಿನವೇ ಅಕ್ಕನಿಗೆ ಬರೆಯಲು ಕೂತೆ. ಅವಳ ಕಾಗದವೂ ಅದೇ ದಿನ ಬಂದಿತ್ತು, ಒಂದೇ ಮಾತು ಬರೆ ಎಂದು. ಒಂದೇ ಮಾತು ಬರೆದು ಕಾರ್ಡು ಮಡಿಲಲ್ಲಿ ಇಟ್ಟುಕೊಂಡು ಅಂಚೆ ಡಬ್ಬಿಯ ತನಕ ಹೋಗಿ ತಿರುಗಿ ಬಂದೆ. ಅಂಚೆಯವನು ಬಾಗಿಲ ಸಂದಿಯಲ್ಲಿ ತುರುಕಿ ಹೋಗುತ್ತಾನೆ. ಅವಳು ಒಬ್ಬಳೇ ಓದುತ್ತಾಳೆ. ಅತ್ತರೆ ಅವಳ ಅಳು ಅವಳಿಗೂ ಕೇಳುವುದಿಲ್ಲ. ಅಮ್ಮನ ಸುದ್ದಿಯನ್ನಾದರೂ ನೀವು ಪಕ್ಕದಲ್ಲಿ ಕೂತು ಬರೆದು ತೋರಿಸಿದ್ದಿರಿ.

ಅದಕ್ಕೇ ಒಂದು ವಾರ ತಡವಾಯಿತು. ಆ ವಾರದಲ್ಲಿ ಅವಳು ಮತ್ತೆ ಬಂದರಿಗೆ ಹೋಗಿದ್ದಾಳೆ. ಇವತ್ತು ಮಾದಿ ಹೇಳಿದಳು. "ಶುಕ್ರವಾರ ಬೆಕ್ಕಿನ ಚಿತ್ರ ಹಿಡ್ಕಂಡು ನಿನ್ನಕ್ಕ ಬಂದಿತ್ತು. ಕಿವಿ ಕೇಳದವ್ಳಿಗೆ ಸತ್ತದ್ದನ್ನ ಹೆಂಗೆ ಹೇಳೂದೇ? ಕೈ ಎತ್ಲಿಕ್ಕೇ ಆಗ್ಲಿಲ್ಲ ನಂಗೆ. ಆ ಹಗ್ಗದ ರಾಶಿ ಬುಡದಲ್ಲೇ ಬಗ್ಗಿ ಬಗ್ಗಿ ಕರ್ದು ಹೋತು" ಎಂದಳು. ನನ್ನ ತಡದಿಂದ ಆದದ್ದು ಅದು. ಇನ್ನೊಂದು ಶುಕ್ರವಾರ ಅವಳು ಹೋಗಬಾರದು.

ನಾನೇ ಬರಬೇಕು, ಗೊತ್ತು. ಬರಿಗೈಯಲ್ಲಿ ಹೊಸಲಿಗೆ ಬರಬೇಡ ಎಂದು ಅವಳು ಬರೆದಿದ್ದಾಳೆ. ಹೇಳದೆ ಬಂದು ನಿಂತರೆ, ತಲೆ ಎತ್ತಿದಾಗ ಎದುರಿಗೆ ನಾನು, ನನ್ನ ಬರಿಯ ಕೈ. ಕೈ ನೋಡಿಯೇ ಅವಳಿಗೆ ತಿಳಿದುಹೋಗುತ್ತದೆ. ಹಾಗೆ ತಿಳಿಯುವುದು ಬೇಡ.

ನೀವು ಗುರುವಾರದೊಳಗೆ ಒಂದು ದಿನ ರಜೆ ಹಾಕಿ ಬರಲಿಕ್ಕಾಗುತ್ತದಾ? ಭಟ್ಕಳದಲ್ಲಿ ಇಳಿದು ಬೆಳಕೆಯ ಬಸ್ಸು ಹಿಡಿಯಬೇಕು. ಒಣಮೀನಿನ ರಾಜೀವನ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ರಾಜೀವ ಇದ್ದರೆ ಹೆದರಬೇಡಿ, ನಾನು ಅಂಗಳದಲ್ಲೇ ಇರುತ್ತೇನೆ. ಅಕ್ಕನಿಗೆ ಉತ್ತರ ಬರೆದು ಮುಗಿಸಿದ್ದೇನೆ, ನಾಲ್ಕು ಪುಟ ಆಗಿದೆ. ಇದರ ಜೊತೆಗೇ ಅಂಚೆಗೆ ಹಾಕಬಹುದಿತ್ತು, ಆದರೆ ನಾನು ಮತ್ತೊಬ್ಬರ ಕೈಗೆ ಬಿಟ್ಟದ್ದು ಎರಡು ಸಲವೂ ಅಕ್ಕನಿಗೆ ಮುಟ್ಟಲಿಲ್ಲ. ಅದನ್ನು ನಾನೇ ನಿಮ್ಮ ಕೈಯಲ್ಲೇ ಕೊಡಬೇಕು. ಬೇರೆ ಯಾರನ್ನೂ ಕಳಿಸಬೇಡಿ. ಒಯ್ದು ಅವಳ ಮುಂದೆ ಇಟ್ಟು, ಅವಳು ಓದಿ ಮುಗಿಸುವ ತನಕ ಏಳದೆ ಬದಿಯಲ್ಲಿ ಕೂತಿರಿ.

ಇಂತಿ
ಈರಮ್ಮ